ಹಾಳೆ ಎ ಕ್ಲಾರಿನೆಟ್‌ನದು, ಕೈಯಲ್ಲಿರುವುದು ಬಿ ಫ್ಲ್ಯಾಟ್: ತಂತ್ರಾಂಶದಲ್ಲಿ ಪಾರ್ಟ್ ಬದಲಿಸುವ ಬಗೆ

ಸ್ಟ್ಯಾಂಡಿನ ಮೇಲೆ ನಿಮ್ಮ ಪಾರ್ಟು, ಅಂದರೆ ನಿಮ್ಮ ವಾದ್ಯಕ್ಕೆಂದೇ ಬರೆದ ಸ್ವರಹಾಳೆ, ಬಂದಿದೆ. ಎಡಮೂಲೆಯಲ್ಲಿ 'ಕ್ಲಾರಿನೆಟ್ ಇನ್ ಎ' ಎಂದು ಅಚ್ಚಾಗಿದೆ. ನಿಮ್ಮ ಪೆಟ್ಟಿಗೆಯಲ್ಲಿರುವುದು ಒಂದೇ ಒಂದು ಬಿ ಫ್ಲ್ಯಾಟ್ ಕ್ಲಾರಿನೆಟ್. ಹಾಳೆಯಲ್ಲಿದ್ದಂತೆಯೇ ಊದಿದರೆ ನೀವು ಉಳಿದವರಿಗಿಂತ ಅರ್ಧಸ್ವರ ಮೇಲೆ ಕೇಳಿಸುತ್ತೀರಿ. ಮೊದಲ ಬಾರ್ ಮುಗಿಯುವ ಮುನ್ನವೇ ಎಲ್ಲರ ಕತ್ತೂ ನಿಮ್ಮ ಕಡೆ ತಿರುಗಿರುತ್ತದೆ. ವರ್ಷಗಟ್ಟಲೆ ಆರ್ಕೆಸ್ಟ್ರಾದಲ್ಲಿ ಕೂತವರು ಇಂಥ ಹಾಳೆಯನ್ನು ಕಣ್ಣಿನಲ್ಲೇ ಅರ್ಧಸ್ವರ ಇಳಿಸಿಕೊಂಡು ನುಡಿಸುತ್ತಾರೆ. ಅಷ್ಟು ಪಳಗದ ನಮ್ಮಂಥವರಿಗೆ ಸ್ವರಲಿಪಿ ತಂತ್ರಾಂಶವಿದೆ.

ಇಲ್ಲಿ ನಾನು ಮುಖ್ಯವಾಗಿ ಮ್ಯೂಸ್‌ಸ್ಕೋರ್ ಹಿಡಿದು ವಿವರಿಸುತ್ತೇನೆ. ಅದು ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಸಿಬೆಲಿಯಸ್, ಡೊರಿಕೊ ಬಳಸುವವರಿಗೆ ಮೆನುವಿನ ಹೆಸರುಗಳು ಬೇರೆಯಾಗುತ್ತವೆ, ತರ್ಕ ಅದೇ. ಫಿನಾಲೆ ಎಂಬ ಇನ್ನೊಂದು ಸ್ವರಲಿಪಿ ತಂತ್ರಾಂಶದ ಅಭಿವೃದ್ಧಿ 2024ರಲ್ಲಿ ನಿಂತಿತು. ಅದರಲ್ಲಿ ಹಳೆಯ ಕಡತಗಳಿದ್ದರೆ ತಡಮಾಡದೆ ಬೇರೆ ಸ್ವರಲಿಪಿ ತಂತ್ರಾಂಶಗಳೂ ಓದಬಲ್ಲ ಮ್ಯೂಸಿಕ್‌ಎಕ್ಸ್‌ಎಂಎಲ್ ರೂಪದಲ್ಲಿ ಹೊರತೆಗೆದು ಇಟ್ಟುಕೊಳ್ಳಿ.

ಮೊದಲು ಬೆರಳೆಣಿಕೆಯ ಲೆಕ್ಕ

ಕಂಪ್ಯೂಟರ್ ತೆರೆಯುವ ಮೊದಲು ಒಂದು ಲೆಕ್ಕ ತಲೆಯಲ್ಲಿರಬೇಕು. ಅದಿಲ್ಲದೆ ತಂತ್ರಾಂಶ ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ಹೇಳಲಾಗುವುದಿಲ್ಲ.

ಶ್ರುತಿ ಬದಲಾದರೂ ಹಾಡುವವರು ಷಡ್ಜವನ್ನು 'ಸ' ಎಂದೇ ಕರೆಯುತ್ತಾರಲ್ಲ, ಕ್ಲಾರಿನೆಟ್ ಕುಟುಂಬದ ವ್ಯವಸ್ಥೆಯೂ ಹಾಗೆಯೇ. ವಾದ್ಯ ಚಿಕ್ಕದಿರಲಿ ದೊಡ್ಡದಿರಲಿ, ಹಾಳೆಯಲ್ಲಿ ಸಿ ಕಂಡರೆ ಬೆರಳುಗಳು ಕೂರುವುದು ಒಂದೇ ರೀತಿ. ಕೇಳಿಸುವ ಸ್ವರ ಮಾತ್ರ ವಾದ್ಯದ ಉದ್ದಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಳೆಯ ಸಿ ನುಡಿಸಿದಾಗ ಬಿ ಫ್ಲ್ಯಾಟ್ ಕ್ಲಾರಿನೆಟ್‌ನಲ್ಲಿ 2 ಅರ್ಧಸ್ವರ ಕೆಳಗಿನ ಬಿ ಫ್ಲ್ಯಾಟ್ ಕೇಳುತ್ತದೆ. ಎ ಕ್ಲಾರಿನೆಟ್‌ನಲ್ಲಿ 3 ಅರ್ಧಸ್ವರ ಕೆಳಗಿನ ಎ ಕೇಳುತ್ತದೆ. ಸಿ ಕ್ಲಾರಿನೆಟ್‌ನಲ್ಲಿ ಬರೆದದ್ದೇ ಕೇಳುತ್ತದೆ. ಪುಟ್ಟ ಇ ಫ್ಲ್ಯಾಟ್ ಕ್ಲಾರಿನೆಟ್ 3 ಅರ್ಧಸ್ವರ ಮೇಲಕ್ಕೆ, ಈಗ ಅಪರೂಪವಾದ ಡಿ ಕ್ಲಾರಿನೆಟ್ 2 ಮೇಲಕ್ಕೆ ನುಡಿಯುತ್ತವೆ. ಎಫ್ ಬ್ಯಾಸೆಟ್ ಹಾರ್ನ್ 7 ಕೆಳಕ್ಕೆ.

ಕೆಳಗಿನದಕ್ಕೆ ಋಣ ಚಿಹ್ನೆ, ಮೇಲಿನದಕ್ಕೆ ಧನ ಚಿಹ್ನೆ ಹಾಕಿಕೊಳ್ಳಿ. ಹಾಳೆ ಯಾವ ವಾದ್ಯದ್ದೋ ಅದರ ಅಂಕಿಯಿಂದ ಕೈಯಲ್ಲಿರುವ ವಾದ್ಯದ ಅಂಕಿಯನ್ನು ಕಳೆದರೆ, ಹೊಸ ಹಾಳೆ ಎಷ್ಟು ಸರಿಯಬೇಕು ಎಂಬುದು ಸಿಗುತ್ತದೆ. ಎ ಹಾಳೆಯನ್ನು ಬಿ ಫ್ಲ್ಯಾಟ್‌ನಲ್ಲಿ ನುಡಿಸಲು −3 ರಿಂದ −2 ಕಳೆಯಿರಿ: −1, ಅಂದರೆ ಎಲ್ಲ ಸ್ವರಗಳೂ ಒಂದು ಅರ್ಧಸ್ವರ ಕೆಳಗೆ. ಸಿ ಹಾಳೆಯಿಂದ ಬಿ ಫ್ಲ್ಯಾಟ್‌ಗೆ 2 ಮೇಲೆ. ಇ ಫ್ಲ್ಯಾಟ್ ಹಾಳೆಯಿಂದ ಬಿ ಫ್ಲ್ಯಾಟ್‌ಗೆ 5 ಮೇಲೆ. ಬಿ ಫ್ಲ್ಯಾಟ್ ಹಾಳೆಯನ್ನು ಎ ಕ್ಲಾರಿನೆಟ್‌ನಲ್ಲಿ ನುಡಿಸಬೇಕಾದರೆ 1 ಮೇಲೆ. ರಿಚರ್ಡ್ ಸ್ಟ್ರಾಸ್ ಡಿ ಕ್ಲಾರಿನೆಟ್‌ಗೆ ಬರೆದ 'ಟಿಲ್ ಐಲೆನ್‌ಶ್ಪೀಗೆಲ್'ನ ಪಾರ್ಟನ್ನು ಇ ಫ್ಲ್ಯಾಟ್ ಕ್ಲಾರಿನೆಟ್‌ನಲ್ಲಿ ನುಡಿಸುವವರು 1 ಕೆಳಗೆ ಇಳಿಸಿಕೊಳ್ಳುತ್ತಾರೆ.

ಬಾಸ್ ಕ್ಲಾರಿನೆಟ್‌ನದು ಬೇರೆಯೇ ತಕರಾರು. ಅದರ ಪಾರ್ಟು ಟ್ರೆಬಲ್ ಕ್ಲೆಫ್‌ನಲ್ಲಿದ್ದರೆ ಕೇಳುವುದು 14 ಅರ್ಧಸ್ವರ ಕೆಳಗೆ. ಜರ್ಮನ್ ಪದ್ಧತಿಯಂತೆ ಬಾಸ್ ಕ್ಲೆಫ್‌ನಲ್ಲಿದ್ದರೆ ಬರೀ 2 ಕೆಳಗೆ. ಕ್ಲೆಫ್ ಗಮನಿಸದೆ ಬದಲಿಸಿದರೆ ಇಡೀ ಪಾರ್ಟು ಒಂದು ಸ್ಥಾಯಿ ಆಚೀಚೆ ಹೋಗುತ್ತದೆ. ವಾಗ್ನರ್‌ನ ಹಾಳೆಗಳಲ್ಲಿ 'ಬಾಸ್ ಕ್ಲಾರಿನೆಟ್ ಇನ್ ಎ' ಎಂದು ಕಂಡರೆ ಗಾಬರಿ ಬೇಡ. ಆ ವಾದ್ಯ ಈಗ ಸಿಗುವುದೇ ಕಷ್ಟ. ಎಲ್ಲರೂ ಬಿ ಫ್ಲ್ಯಾಟ್ ಬಾಸ್‌ಗೆ ಇಳಿಸಿಕೊಂಡೇ ನುಡಿಸುತ್ತಾರೆ.

ಹಣೆಪಟ್ಟಿ ಓದುವುದು

ಹಳೆಯ ಮುದ್ರಣಗಳಲ್ಲಿ ವಾದ್ಯದ ಹೆಸರು ಜರ್ಮನ್, ಫ್ರೆಂಚ್ ಅಥವಾ ಇಟಾಲಿಯನ್ ಭಾಷೆಯಲ್ಲಿರುತ್ತದೆ. ಜರ್ಮನ್ ಹಾಳೆಯಲ್ಲಿ ಬರೀ 'ಬಿ' ಅಕ್ಷರವಿದ್ದರೆ ಅದು ಬಿ ಫ್ಲ್ಯಾಟ್. ನಾವು ಬಿ ಎನ್ನುವ ಸ್ವರಕ್ಕೆ ಅವರಲ್ಲಿ 'ಎಚ್' ಅಕ್ಷರ. 'ಎಸ್' ಎಂದರೆ ಇ ಫ್ಲ್ಯಾಟ್. ಫ್ರೆಂಚ್ ಮತ್ತು ಇಟಾಲಿಯನ್ ಹಾಳೆಗಳಲ್ಲಿ 'ಲಾ' ಎಂದರೆ ಎ. ಸಿ ಕ್ಲಾರಿನೆಟ್‌ಗೆ ಇಟಾಲಿಯನ್ನರು 'ದೋ' ಎಂದೂ ಫ್ರೆಂಚರು ಅನೇಕ ಸಲ 'ಉತ್' ಎಂದೂ ಬರೆಯುತ್ತಾರೆ. ಹಾಳೆಯ ನಡುವೆ 'ಮುತಾ ಇನ್' ಎಂದು ಕಂಡರೆ, ಅಲ್ಲಿಂದ ಮುಂದೆ ವಾದ್ಯ ಬದಲಿಸಿ ಎಂಬ ಸೂಚನೆ. ಬೀಥೋವನ್‌ನ 5ನೇ ಸಿಂಫನಿ ಬಿ ಫ್ಲ್ಯಾಟ್ ಕ್ಲಾರಿನೆಟ್‌ನಲ್ಲಿ ಆರಂಭವಾಗಿ ಕೊನೆಯ ಮೂವ್‌ಮೆಂಟ್‌ಗೆ ಬರುವಾಗ ಸಿ ಕ್ಲಾರಿನೆಟ್ ಆಗಿರುತ್ತದೆ. ಅಂಥ ಹಾಳೆಯನ್ನು ಒಂದೇ ಏಟಿಗೆ ಬದಲಿಸಲು ಹೋಗಬೇಡಿ. ವಾದ್ಯ ಬದಲಾಗುವ ಪ್ರತಿ ಮೂವ್‌ಮೆಂಟಿಗೂ ಬೇರೆ ಕಡತ ಮಾಡಿಕೊಳ್ಳಿ.

ಎರಡು ಆಜ್ಞೆಗಳು, ಎರಡು ಬೇರೆ ಕೆಲಸಗಳು

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ನಾನು ನೋಡಿದ ಕೆಟ್ಟ ಪಾರ್ಟುಗಳಲ್ಲಿ ಹೆಚ್ಚಿನವು ಇಲ್ಲೇ ಹಾದಿ ತಪ್ಪಿದವು.

ತಂತ್ರಾಂಶದಲ್ಲಿ 'ಟ್ರಾನ್ಸ್‌ಪೋಸ್' ಎಂಬ ಆಜ್ಞೆ ಇದೆ. ಹೆಸರು ನೋಡಿದರೆ ನಮಗೆ ಬೇಕಾದದ್ದು ಅದೇ ಅನ್ನಿಸುತ್ತದೆ. ಆದರೆ ಅದು ಬದಲಿಸುವುದು ಕೇಳುವ ಸ್ವರವನ್ನು. ಇಡೀ ಸಂಗೀತವನ್ನೇ ಎತ್ತಿ ಬೇರೆ ಶ್ರುತಿಯಲ್ಲಿ ಇಡುವ ಕೆಲಸ ಅದು; ಹಾಡುಗಾರರ ಕಂಠಕ್ಕೆ ತಕ್ಕಂತೆ ಹಾಡನ್ನು ಇಳಿಸುವಾಗ ಬೇಕಾಗುವಂಥದ್ದು. ನಮ್ಮ ಸಮಸ್ಯೆ ಅದರ ತದ್ವಿರುದ್ಧ: ಕೇಳುವ ಸ್ವರ ಒಂದಿಷ್ಟೂ ಅಲುಗಬಾರದು, ಕಾಗದದ ಮೇಲಿನ ಬರಹ ಮಾತ್ರ ಬದಲಾಗಬೇಕು. ಅದಕ್ಕಿರುವ ಆಜ್ಞೆ ವಾದ್ಯ ಬದಲಾವಣೆ. ಈ ಪಾರ್ಟು ಎ ಕ್ಲಾರಿನೆಟ್‌ನದು ಎಂದು ತಂತ್ರಾಂಶಕ್ಕೆ ತಿಳಿದಿದ್ದರೆ, ಇನ್ನು ಮೇಲೆ ಇದನ್ನು ನುಡಿಸುವುದು ಬಿ ಫ್ಲ್ಯಾಟ್ ಕ್ಲಾರಿನೆಟ್ ಎಂದು ಹೇಳಿದರೆ ಸಾಕು. ಸ್ವರ, ಕೀ ಸಿಗ್ನೇಚರ್ (ಸಾಲಿನ ಆರಂಭದಲ್ಲಿರುವ ಶಾರ್ಪ್ ಅಥವಾ ಫ್ಲ್ಯಾಟ್‌ಗಳ ಗುಂಪು), ನಡುವಿನ ಶಾರ್ಪ್, ಫ್ಲ್ಯಾಟ್ ಎಲ್ಲವನ್ನೂ ಅದೇ ಸರಿಸಿಕೊಡುತ್ತದೆ. ಮೇಲಕ್ಕೋ ಕೆಳಕ್ಕೋ ಎಂದು ನೀವು ಹೇಳಬೇಕಾಗಿಯೇ ಇಲ್ಲ, ಆದ್ದರಿಂದ ದಿಕ್ಕು ತಪ್ಪುವ ಸಂಭವವೂ ಇಲ್ಲ.

ಹಾಗಾದರೆ ಟ್ರಾನ್ಸ್‌ಪೋಸ್ ಆಜ್ಞೆ ಕ್ಲಾರಿನೆಟ್ ನುಡಿಸುವವರಿಗೆ ಬೇಡವೇ ಬೇಡವೇ? ಬೇಕಾಗುವ ಸಂದರ್ಭವೊಂದಿದೆ. ಮೊಜಾರ್ಟ್ 1791ರಲ್ಲಿ ಆಂಟನ್ ಶ್ಟಾಡ್ಲರ್‌ಗಾಗಿ ಬರೆದ ಕ್ಲಾರಿನೆಟ್ ಕಾಂಚೆರ್ಟೊ ಇರುವುದು ಎ ಮೇಜರ್‌ನಲ್ಲಿ. ಎ ಕ್ಲಾರಿನೆಟ್‌ನ ಹಾಳೆಯಲ್ಲಿ ಅದು ಒಂದೂ ಶಾರ್ಪ್ ಇಲ್ಲದ ಸಿ ಮೇಜರ್. ನಿಮ್ಮ ಜೊತೆಗಿರುವುದು ಆರ್ಕೆಸ್ಟ್ರಾ ಅಲ್ಲ, ಒಬ್ಬ ಪಿಯಾನೊ ವಾದಕರು ಮಾತ್ರ ಎಂದಾದರೆ ಕ್ಲಾರಿನೆಟ್ ಹಾಳೆಯನ್ನು ಮುಟ್ಟಲೇಬೇಡಿ. ಪಿಯಾನೊ ಪಾರ್ಟನ್ನು ಟ್ರಾನ್ಸ್‌ಪೋಸ್ ಆಜ್ಞೆಯಿಂದ ಮೈನರ್ ಸೆಕೆಂಡ್ ಮೇಲೆತ್ತಿ ಬಿ ಫ್ಲ್ಯಾಟ್ ಮೇಜರ್‌ಗೆ ತನ್ನಿ. ಸಿ ಮೇಜರ್ ಹಾಳೆಯನ್ನು ಬಿ ಫ್ಲ್ಯಾಟ್ ಕ್ಲಾರಿನೆಟ್‌ನಲ್ಲಿ ಹಾಗೆಯೇ ನುಡಿಸಿದರೆ ಇಬ್ಬರೂ ಹೊಂದುತ್ತೀರಿ. ಬಿ ಫ್ಲ್ಯಾಟ್ ಕ್ಲಾರಿನೆಟ್‌ಗೆಂದೇ ಹೀಗೆ ಪಿಯಾನೊವನ್ನು ಮೇಲೆತ್ತಿ ಮುದ್ರಿಸಿದ ಪುಸ್ತಕಗಳೂ ಇವೆ. ಯಾರನ್ನು ಸರಿಸಿದರೆ ಕಡಿಮೆ ನೋವು ಎಂಬುದನ್ನು ಮೊದಲೇ ಯೋಚಿಸಿದರೆ ಕೆಲವೊಮ್ಮೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಕೈಯಾರೆ ತುಂಬುವ ದಾರಿ

ಪಾರ್ಟು ಒಂದೆರಡು ಪುಟದ್ದಾದರೆ ನನ್ನ ಮತ ಇದಕ್ಕೇ. ತುಂಬುತ್ತಾ ಹೋದಂತೆ ಪಾರ್ಟು ಅರ್ಧ ಅಭ್ಯಾಸವೂ ಆಗಿರುತ್ತದೆ.

1. ಹೊಸ ಸ್ಕೋರ್ ತೆರೆದು ವಾದ್ಯಗಳ ಪಟ್ಟಿಯಲ್ಲಿ ಎ ಕ್ಲಾರಿನೆಟ್ ಆರಿಸಿ. ನಿಮ್ಮದು ಬಿ ಫ್ಲ್ಯಾಟ್ ಎಂದು ಆತುರಪಟ್ಟು ಅದನ್ನು ಆರಿಸಬೇಡಿ. ಈಗ ಹೇಳಬೇಕಾದದ್ದು ಹಾಳೆಯ ಸತ್ಯ, ನಿಮ್ಮ ವಾದ್ಯದ ಸರದಿ ಆಮೇಲೆ.

2. ಕೀ ಸಿಗ್ನೇಚರ್ ಕೇಳಿದಾಗ ಎಚ್ಚರ. ಸ್ಕೋರ್ ಸೃಷ್ಟಿಸುವಾಗ ಮ್ಯೂಸ್‌ಸ್ಕೋರ್ ಕೇಳುವುದು ಕಾನ್ಸರ್ಟ್ ಕೀಯನ್ನು, ಅಂದರೆ ನಿಜವಾಗಿ ಕೇಳುವ ಕೀಯನ್ನು. ಹಾಳೆಯಲ್ಲಿ ಒಂದು ಫ್ಲ್ಯಾಟ್ ಇದೆ, ಎಫ್ ಮೇಜರ್ ಎಂದುಕೊಳ್ಳಿ. ಎ ಕ್ಲಾರಿನೆಟ್‌ನಲ್ಲಿ ಅದು ಕೇಳುವುದು 3 ಅರ್ಧಸ್ವರ ಕೆಳಗಿನ ಡಿ ಮೇಜರ್. ಹಾಗಾಗಿ ಆರಿಸಬೇಕಾದದ್ದು ಎರಡು ಶಾರ್ಪ್‌ಗಳ ಡಿ ಮೇಜರ್. ಪರದೆಯ ಮೇಲೆ ಒಂದು ಫ್ಲ್ಯಾಟ್ ಕಾಣಿಸಿದರೆ ನೀವು ಸರಿಯಾಗಿದ್ದೀರಿ.

3. ಪರದೆಯ ಕೆಳಗಡೆ ಇರುವ 'ಕಾನ್ಸರ್ಟ್ ಪಿಚ್' ಗುಂಡಿ ಆರಿದೆಯೇ ನೋಡಿ. ಹಳೆಯ 3ನೇ ಆವೃತ್ತಿಯಲ್ಲಿ ಅದು ಮೇಲಿನ ಪಟ್ಟಿಯಲ್ಲಿತ್ತು. ಆರಿದ್ದರೆ ಪರದೆಯಲ್ಲಿ ಕಾಣುವುದು ವಾದಕರು ಓದುವ ಸ್ವರ. ಹೊತ್ತಿದ್ದರೆ ಕಿವಿಗೆ ಬೀಳುವ ಸ್ವರ.

4. ಈಗ ಹಾಳೆಯಲ್ಲಿ ಏನಿದೆಯೋ ಅದನ್ನೇ ಕಣ್ಣಾರೆ ನೋಡಿ ತುಂಬಿ. ತಲೆಯಲ್ಲಿ ಏನನ್ನೂ ಸರಿಸಬೇಡಿ. ಟೈ ಗೆರೆ, ಸ್ಲರ್, ಉಸಿರಿನ ಗುರುತು, ರಿಹರ್ಸಲ್ ಅಕ್ಷರ ಎಲ್ಲವನ್ನೂ ಈಗಲೇ ಹಾಕಿಬಿಡಿ. ಬಾರ್ ಸಂಖ್ಯೆ ಮೂಲದೊಂದಿಗೆ ತಾಳೆಯಾಗಬೇಕು.

5. ಕಡತವನ್ನು 'ಮೂಲ' ಎಂಬ ಹೆಸರಿನಲ್ಲಿ ಉಳಿಸಿ, ನಕಲು ಮಾಡಿ, ನಕಲನ್ನು ತೆರೆಯಿರಿ.

6. ನಕಲಿನಲ್ಲಿ ಸಾಲಿನ ಖಾಲಿ ಜಾಗದ ಮೇಲೆ ಬಲ ಕ್ಲಿಕ್ ಮಾಡಿ 'ಸ್ಟಾಫ್/ಪಾರ್ಟ್ ಪ್ರಾಪರ್ಟೀಸ್' ತೆರೆಯಿರಿ. ಅಲ್ಲಿರುವ 'ರಿಪ್ಲೇಸ್ ಇನ್‌ಸ್ಟ್ರುಮೆಂಟ್' ಒತ್ತಿ ಬಿ ಫ್ಲ್ಯಾಟ್ ಕ್ಲಾರಿನೆಟ್ ಆರಿಸಿ.

ಕಣ್ಣೆದುರೇ ಎಲ್ಲ ಸ್ವರಗಳೂ ಒಂದು ಹೆಜ್ಜೆ ಕೆಳಗಿಳಿಯುತ್ತವೆ, ಒಂದು ಫ್ಲ್ಯಾಟ್ ಇದ್ದ ಕಡೆ ನಾಲ್ಕು ಶಾರ್ಪ್ ಬಂದು ಕೂರುತ್ತವೆ. ಮೊಜಾರ್ಟ್ ಕಾಂಚೆರ್ಟೊದ ಅಡಾಜಿಯೊ ತೆಗೆದುಕೊಳ್ಳಿ. ಎ ಹಾಳೆಯಲ್ಲಿ ಕ್ಲಾರಿನೆಟ್ ಸಿ, ಎಫ್, ಎ ಎಂದು ಮೇಲೇರುತ್ತದೆ. ಹೊಸ ಹಾಳೆಯಲ್ಲಿ ಅದೇ ಏರಿಕೆ ಬಿ, ಇ, ಜಿ ಶಾರ್ಪ್. ಹಳೆಯ ಮೊದಲ ಸ್ವರ ಸಿಯಿಂದ 3 ಇಳಿದರೆ ಎ. ಹೊಸ ಮೊದಲ ಸ್ವರ ಬಿಯಿಂದ 2 ಇಳಿದರೂ ಎ. ಎರಡೂ ಎ ಬಂತೆಂದರೆ ಬದಲಾವಣೆ ಸರಿಯಾಗಿದೆ.

ಸಿಬೆಲಿಯಸ್‌ನಲ್ಲಿ ಇದೇ ಕೆಲಸ 'ಹೋಮ್' ಪಟ್ಟಿಯ ವಾದ್ಯ ಬದಲಾವಣೆಯಿಂದ ಆಗುತ್ತದೆ. ಅಲ್ಲಿಯ 'ಟ್ರಾನ್ಸ್‌ಪೋಸಿಂಗ್ ಸ್ಕೋರ್' ಗುಂಡಿ ಮ್ಯೂಸ್‌ಸ್ಕೋರ್‌ನ ಕಾನ್ಸರ್ಟ್ ಪಿಚ್ ಗುಂಡಿಗೆ ತಿರುವುಮುರುವು. ಅದು ಹೊತ್ತಿದ್ದರೆ ಕಾಣುವುದು ವಾದಕರ ಸ್ವರ. ಒಂದರಿಂದ ಇನ್ನೊಂದಕ್ಕೆ ಹೋದವರು ಮೊದಲ ವಾರ ಎಡವುವುದು ಇಲ್ಲೇ.

ಸ್ಕ್ಯಾನ್ ಮಾಡಿದ ಹಾಳೆ, ಹೊರಗಿನಿಂದ ಬಂದ ಕಡತ

ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಪಾರ್ಟುಗಳು ಐಎಂಎಸ್‌ಎಲ್‌ಪಿ ತಾಣದಲ್ಲಿ ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ಪಿಡಿಎಫ್ ಒಂದು ಚಿತ್ರವಷ್ಟೆ. ಅದರೊಳಗೆ ಸ್ವರಗಳಿಲ್ಲ, ಸ್ವರಗಳ ಆಕಾರ ಮಾತ್ರ ಇದೆ. ಆಡಿವೆರಿಸ್‌ನಂಥ ಮುಕ್ತ ತಂತ್ರಾಂಶ ಆ ಚಿತ್ರವನ್ನು ಓದಿ ಮ್ಯೂಸಿಕ್‌ಎಕ್ಸ್‌ಎಂಎಲ್ ಮಾಡಿಕೊಡುತ್ತದೆ. ಮುದ್ರಣ ಸ್ವಚ್ಛವಾಗಿದ್ದರೆ ಫಲಿತಾಂಶ ಚೆನ್ನಾಗಿಯೇ ಇರುತ್ತದೆ. ಹಳೆಯ ಹಾಳೆಯಾದರೆ ಪೆನ್ಸಿಲ್ ಗೀಚುಗಳನ್ನೂ ಸ್ವರವೆಂದು ತಿಳಿದು, ಟೈ ಗೆರೆಯನ್ನು ಸ್ಲರ್ ಮಾಡಿ, ಮೂರನೆಯ ಸಾಲಿನಿಂದ ತಾಳವೇ ತಪ್ಪಿರುತ್ತದೆ. ತಿದ್ದುವ ಹೊತ್ತಿನಲ್ಲಿ ಕೈಯಾರೆ ತುಂಬಬಹುದಿತ್ತು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮ್ಯೂಸಿಕ್‌ಎಕ್ಸ್‌ಎಂಎಲ್ ಕಡತದೊಳಗೆ ವಾದ್ಯ ಎಷ್ಟು ಕೆಳಗೆ ನುಡಿಯುತ್ತದೆ ಎಂಬ ಮಾಹಿತಿಗೆ ಒಂದು ಜಾಗವಿದೆ. ಎ ಕ್ಲಾರಿನೆಟ್‌ಗೆ ಅಲ್ಲಿ −3 ಅರ್ಧಸ್ವರ, ಬಿ ಫ್ಲ್ಯಾಟ್‌ಗೆ −2 ಎಂದಿರಬೇಕು. ಚಿತ್ರದಿಂದ ಓದಿಸಿದ ಕಡತದಲ್ಲಿ ಆ ಜಾಗ ಖಾಲಿ ಇರುವುದೇ ಹೆಚ್ಚು. ಆಗ ಮ್ಯೂಸ್‌ಸ್ಕೋರ್ ಅದನ್ನು ಬರೆದಂತೆಯೇ ಕೇಳುವ ಯಾವುದೋ ವಾದ್ಯ, ಅನೇಕ ಸಲ ಪಿಯಾನೊ, ಎಂದು ಭಾವಿಸುತ್ತದೆ. ಈ ಸ್ಥಿತಿಯಲ್ಲಿ ನೇರವಾಗಿ ವಾದ್ಯವನ್ನು ಬಿ ಫ್ಲ್ಯಾಟ್ ಕ್ಲಾರಿನೆಟ್‌ಗೆ ಬದಲಿಸಿದರೆ, ಹಾಳೆಯ ಸಿಯನ್ನು ನಿಜವಾಗಿ ಕೇಳುವ ಸಿ ಎಂದು ತಿಳಿದು ಎಲ್ಲವನ್ನೂ 2 ಅರ್ಧಸ್ವರ ಮೇಲೆತ್ತಿಬಿಡುತ್ತದೆ. ನಮಗೆ ಬೇಕಾದದ್ದು 1 ಕೆಳಗೆ. ಅಂದರೆ ಮೂರು ಅರ್ಧಸ್ವರದಷ್ಟು ತಪ್ಪು.

ಇದಕ್ಕೆ ಮದ್ದು ಎರಡು ಹೆಜ್ಜೆಯದು, ಟ್ರಾನ್ಸ್‌ಪೋಸ್ ಆಜ್ಞೆ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಮೊದಲು ಇಡೀ ಪಾರ್ಟನ್ನು ಆರಿಸಿ, 'ಟೂಲ್ಸ್' ಮೆನುವಿನ 'ಟ್ರಾನ್ಸ್‌ಪೋಸ್' ತೆರೆದು, ಇಂಟರ್ವಲ್ ಮೂಲಕ, ಕೆಳಕ್ಕೆ, ಮೈನರ್ ಥರ್ಡ್ ಎಂದು ಹೇಳಿ. ಕೀ ಸಿಗ್ನೇಚರ್‌ಗಳನ್ನೂ ಸರಿಸುವ ಆಯ್ಕೆಗೆ ಗುರುತು ಹಾಕಿ. ಈಗ ಕಡತದಲ್ಲಿರುವುದು ಎ ಕ್ಲಾರಿನೆಟ್‌ನಿಂದ ನಿಜವಾಗಿ ಹೊರಡುವ ಸ್ವರಗಳು. ಪ್ಲೇ ಒತ್ತಿ ಯಾವುದಾದರೂ ಧ್ವನಿಮುದ್ರಣದೊಂದಿಗೆ ಹೋಲಿಸಿದರೆ ತಾಳೆಯಾಗಬೇಕು. ಆಮೇಲೆ ವಾದ್ಯವನ್ನು ಬಿ ಫ್ಲ್ಯಾಟ್ ಕ್ಲಾರಿನೆಟ್‌ಗೆ ಬದಲಿಸಿ. ಮೂರು ಇಳಿದು ಎರಡು ಏರಿ, ಒಟ್ಟು ಒಂದು ಕೆಳಗೆ.

ನೇರವಾಗಿ ಒಂದೇ ಅರ್ಧಸ್ವರ ಇಳಿಸಿ ಮುದ್ರಿಸಿದರೂ ಹಾಳೆ ಸರಿಯಾಗಿಯೇ ಬರುತ್ತದೆ, ನಿಜ. ಆದರೆ ಪ್ಲೇ ಒತ್ತಿದಾಗ ಕೇಳುವುದೆಲ್ಲ ತಪ್ಪಾಗಿರುತ್ತದೆ, ಮುಂದೆ ಯಾರಾದರೂ ಆ ಕಡತವನ್ನು ಬೇರೆ ವಾದ್ಯಕ್ಕೆ ಬದಲಿಸಲು ಹೋದರೆ ಬಾವಿಗೆ ಬೀಳುತ್ತಾರೆ.

ಟ್ರಾನ್ಸ್‌ಪೋಸ್ ಕಿಟಕಿಯಲ್ಲಿ ಇನ್ನೆರಡು ಗುಂಡಿಗಳಿವೆ, ಕಾಲು ಜಾರುವಂಥವು. 'ಕೀಗೆ' ಎಂಬ ಆಯ್ಕೆಯಲ್ಲಿ ಸಿಯಿಂದ ಬಿಗೆ ಹೋಗಲು ಹೇಳಿ, ದಿಕ್ಕು 'ಮೇಲೆ' ಎಂದಿದ್ದರೆ ಇಡೀ ಪಾರ್ಟು ಮೇಜರ್ ಸೆವೆಂತ್ ಮೇಲೆ ಹಾರುತ್ತದೆ; 'ಹತ್ತಿರದ್ದು' ಎಂದಿದ್ದರೆ ಮಾತ್ರ ಅರ್ಧಸ್ವರ ಇಳಿಯುತ್ತದೆ. ಇಂಟರ್ವಲ್ ಪಟ್ಟಿಯಲ್ಲಿ ಅರ್ಧಸ್ವರದ ದೂರಕ್ಕೆ ಎರಡು ಹೆಸರುಗಳಿವೆ. ಮೈನರ್ ಸೆಕೆಂಡ್ ಕೆಳಗೆ ಎಂದರೆ ಸಿ ಮೇಜರ್ 5 ಶಾರ್ಪ್‌ಗಳ ಬಿ ಮೇಜರ್ ಆಗುತ್ತದೆ. ಆಗ್ಮೆಂಟೆಡ್ ಯೂನಿಸನ್ ಕೆಳಗೆ ಎಂದರೆ 7 ಫ್ಲ್ಯಾಟ್‌ಗಳ ಸಿ ಫ್ಲ್ಯಾಟ್ ಮೇಜರ್. ಕಿವಿಗೆ ಎರಡೂ ಒಂದೇ, ಕಣ್ಣಿಗೆ ಮಾತ್ರ ಎರಡನೆಯದು ಮುಳ್ಳುಬೇಲಿ.

ಶಾರ್ಪ್‌ಗಳ ಸಂತೆ

ಎ ಹಾಳೆಯಿಂದ ಬಿ ಫ್ಲ್ಯಾಟ್‌ಗೆ ಬಂದರೆ ಕೀ ಸಿಗ್ನೇಚರ್‌ಗೆ 5 ಶಾರ್ಪ್ ಸೇರುತ್ತವೆ ಎಂದು ನೆನಪಿಡಿ. ಇದ್ದ ಫ್ಲ್ಯಾಟ್‌ಗಳು ಅದರಲ್ಲಿ ವಜಾ ಆಗುತ್ತವೆ. 3 ಫ್ಲ್ಯಾಟ್‌ಗಳ ಹಾಳೆ 2 ಶಾರ್ಪ್ ಆಗುತ್ತದೆ, ಅದು ಸುಖ. ಬ್ರಾಹ್ಮ್ಸ್‌ನ 1891ರ ಕ್ಲಾರಿನೆಟ್ ಕ್ವಿಂಟೆಟ್ ಎ ಹಾಳೆಯಲ್ಲಿ ಒಂದು ಫ್ಲ್ಯಾಟ್‌ನ ಡಿ ಮೈನರ್. ಬಿ ಫ್ಲ್ಯಾಟ್ ಹಾಳೆಯಲ್ಲಿ ಅದು 4 ಶಾರ್ಪ್‌ಗಳ ಸಿ ಶಾರ್ಪ್ ಮೈನರ್. ಒಂದು ಶಾರ್ಪ್‌ನ ಜಿ ಮೇಜರ್ 6 ಶಾರ್ಪ್‌ಗಳ ಎಫ್ ಶಾರ್ಪ್ ಆಗುತ್ತದೆ, ಅಥವಾ 6 ಫ್ಲ್ಯಾಟ್‌ಗಳ ಜಿ ಫ್ಲ್ಯಾಟ್. ಎರಡು ಶಾರ್ಪ್‌ನ ಡಿ ಮೇಜರ್ ಬಂದರೆ 7 ಶಾರ್ಪ್ ಬೇಡವೇ ಬೇಡ, 5 ಫ್ಲ್ಯಾಟ್‌ಗಳ ಡಿ ಫ್ಲ್ಯಾಟ್ ಮೇಜರ್ ಆರಿಸಿ. ಮ್ಯೂಸ್‌ಸ್ಕೋರ್‌ನ 'ಸ್ಟಾಫ್/ಪಾರ್ಟ್ ಪ್ರಾಪರ್ಟೀಸ್' ಕಿಟಕಿಯಲ್ಲೇ ಶಾರ್ಪ್ ಬೇಕೋ ಫ್ಲ್ಯಾಟ್ ಬೇಕೋ ಎಂದು ಹೇಳುವ ಜಾಗವಿದೆ.

ಬ್ರಾಹ್ಮ್ಸ್ ಹಾಳೆಯ ಸಿ ಶಾರ್ಪ್ ಈಗ ಬಿ ಶಾರ್ಪ್ ಆಗಿರುತ್ತದೆ, ಅಂದರೆ ಬೆರಳಿಗೆ ಸಿ ನ್ಯಾಚುರಲ್. ಸಿ ಮೇಜರ್ ಹಾಳೆಯ ಜಿ ಶಾರ್ಪ್ ಈಗ ಎಫ್ ಡಬಲ್ ಶಾರ್ಪ್, ಬೆರಳಿಗೆ ಜಿ. ಇವನ್ನೆಲ್ಲ ಸುಲಭ ರೂಪಕ್ಕೆ ಬದಲಿಸಬೇಕೆ? ಒಂದೊಂದೇ ಸ್ವರ ಆರಿಸಿ ಜೆ ಕೀಲಿ ಒತ್ತಿದರೆ ಹೆಸರು ಬದಲಾಗುತ್ತದೆ, ಸ್ವರ ಬದಲಾಗುವುದಿಲ್ಲ. ನಾನು ಮಾಡುವುದಿಷ್ಟು: ಡಬಲ್ ಶಾರ್ಪ್ ಮುಂದಿನ ಸ್ವರಕ್ಕೆ ಅರ್ಧಸ್ವರ ಏರಿ ಸೇರುವುದಾದರೆ ಮುಟ್ಟುವುದಿಲ್ಲ, ಎಫ್ ಡಬಲ್ ಶಾರ್ಪ್‌ನಿಂದ ಜಿ ಶಾರ್ಪ್‌ಗೆ ಹೋಗುವ ಏರಿಕೆ ಗೆರೆಯ ಮೇಲೆ ಏರಿಕೆಯಾಗಿಯೇ ಕಾಣುತ್ತದೆ. ಸರಸರನೆ ಇಳಿಯುವ ಕ್ರೋಮ್ಯಾಟಿಕ್ ಓಟದಲ್ಲಿ ಬಂದರೆ ನ್ಯಾಚುರಲ್ ಮಾಡುತ್ತೇನೆ. ಪುಸ್ತಕದ ವ್ಯಾಕರಣಕ್ಕಿಂತ ವೇಗದಲ್ಲಿ ಓದಬೇಕಾದ ಕಣ್ಣು ದೊಡ್ಡದು.

ಟ್ರಿಲ್ ಗುರುತಿನ ಮೇಲಿರುವ ಪುಟ್ಟ ಶಾರ್ಪ್, ಫ್ಲ್ಯಾಟ್‌ಗಳನ್ನು ಒಂದೊಂದಾಗಿ ಕಣ್ಣಿಟ್ಟು ನೋಡಿ. ಅವನ್ನು ಬರೀ ಅಲಂಕಾರದ ಚಿಹ್ನೆಯಾಗಿ ಅಂಟಿಸಿದ್ದರೆ ಸ್ವರ ಸರಿದರೂ ಅವು ಅಲ್ಲೇ ಉಳಿದಿರುತ್ತವೆ.

ತಂತ್ರಾಂಶಕ್ಕೆ ಬೆರಳಿಲ್ಲ

ಇನ್ನು ಕಂಪ್ಯೂಟರಿನಿಂದ ಎದ್ದು ಕ್ಲಾರಿನೆಟ್ ಎತ್ತಿಕೊಳ್ಳಿ. ಸ್ವರಗಳೆಲ್ಲ ಸರಿಯಿದ್ದೂ ನುಡಿಸಲಾಗದ ಹಾಳೆ ತಯಾರಾಗಿರಬಹುದು.

ಮೊದಲು ನೋಡಬೇಕಾದದ್ದು ತಳದ ಸ್ವರ. ಎ ಹಾಳೆಯಲ್ಲಿ ಮೂರನೆಯ ಉಪಗೆರೆಯ ಕೆಳಗೆ ತೂಗುವ ಇ ಇದ್ದರೆ, ಹೊಸ ಹಾಳೆಯಲ್ಲಿ ಅದು ಇ ಫ್ಲ್ಯಾಟ್ ಅಥವಾ ಡಿ ಶಾರ್ಪ್ ಆಗುತ್ತದೆ. ಸಾಮಾನ್ಯ ಬಿ ಫ್ಲ್ಯಾಟ್ ಕ್ಲಾರಿನೆಟ್‌ನಲ್ಲಿ ಆ ಸ್ವರವೇ ಇಲ್ಲ. 'ಫುಲ್ ಬೋಮ್' ಎಂಬ ಮಾದರಿಯಲ್ಲಿ ಮಾತ್ರ ಅದಕ್ಕೊಂದು ಹೆಚ್ಚುವರಿ ಕೀಲಿ ಇರುತ್ತದೆ. ವಾದ್ಯದ ವ್ಯಾಪ್ತಿ ಮೀರಿದ ಸ್ವರವನ್ನು ಮ್ಯೂಸ್‌ಸ್ಕೋರ್ ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಕೆಂಪು ಕಂಡ ಕಡೆ ನಿರ್ಧಾರ ನಿಮ್ಮದು. ಆ ಒಂದು ಸ್ವರವನ್ನು ಮಾತ್ರ ಸ್ಥಾಯಿ ಮೇಲೆತ್ತಿದರೆ ಸಾಲಿನ ನಡುವೆ ಕುಪ್ಪಳಿಸಿದಂತೆ ಕೇಳುತ್ತದೆ. ಉಸಿರು ತೆಗೆದುಕೊಳ್ಳುವ ಜಾಗ ನೋಡಿ ಅಲ್ಲಿಂದ ಇಡೀ ತುಣುಕನ್ನು ಎತ್ತಿ. ಎರಡನೆಯ ಕ್ಲಾರಿನೆಟ್‌ಗೋ ಬಾಸ್ ಕ್ಲಾರಿನೆಟ್‌ಗೋ ಆ ಸ್ವರ ಸಿಗುವುದಾದರೆ ಅವರಿಗೇ ಬಿಟ್ಟುಕೊಡುವುದು ಇನ್ನೂ ಮೇಲು.

ಎರಡನೆಯದು ಬ್ರೇಕ್, ಅಂದರೆ ವಾದ್ಯದ ಕೆಳಗಿನ ಸ್ವರಗಳಿಂದ ಮೇಲಿನವಕ್ಕೆ ದಾಟುವ ಜಾಗ. ಕ್ಲಾರಿನೆಟ್‌ನಲ್ಲಿ ನಡುಗೆರೆಯ ಬಿ ಫ್ಲ್ಯಾಟ್ ಗಂಟಲಿನ ತೆಳು ಸ್ವರ. ಹೆಚ್ಚು ಕಡಿಮೆ ಎಲ್ಲ ರಂಧ್ರಗಳೂ ತೆರೆದಿರುತ್ತವೆ. ಅದರ ಮುಂದಿನ ಬಿಗೆ ಹೋಗಲು ಕೊಳವೆಯನ್ನೆಲ್ಲ ಮುಚ್ಚಬೇಕು. ಎ ಹಾಳೆಯಲ್ಲಿ ಬಿ ಮತ್ತು ಸಿ ನಡುವಿನ ಟ್ರಿಲ್ ಕಿರುಬೆರಳಿನ ಆಟ. ಅದೇ ಈಗ ಎ ಶಾರ್ಪ್ ಮತ್ತು ಬಿ ನಡುವಿನ ಟ್ರಿಲ್, ಸರಿಯಾಗಿ ಬ್ರೇಕಿನ ಮೇಲೆ ಬಂದು ಕೂತಿದೆ. ಅಂಥ ಕಡೆ ಪರ್ಯಾಯ ಬೆರಳುಗಾರಿಕೆ ಹುಡುಕಿ ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ.

ಮೂರನೆಯದು ಕಿರುಬೆರಳುಗಳ ಜಗಳ. ಎ ಹಾಳೆಯ ಸರಳವಾದ ಸಿ, ಡಿ, ಇ ಹೊಸ ಹಾಳೆಯಲ್ಲಿ ಬಿ, ಸಿ ಶಾರ್ಪ್, ಡಿ ಶಾರ್ಪ್. ಸಾಮಾನ್ಯ ವಾದ್ಯದಲ್ಲಿ ಡಿ ಶಾರ್ಪ್ ಕೀಲಿ ಬಲ ಕಿರುಬೆರಳಿಗೆ ಮಾತ್ರ ಸಿಗುತ್ತದೆ. ಹಾಗಾಗಿ ಅದರ ಹಿಂದಿನ ಸಿ ಶಾರ್ಪ್ ಎಡಕ್ಕೆ, ಅದರ ಹಿಂದಿನ ಬಿ ಬಲಕ್ಕೆ ಬರಬೇಕು. ಇದನ್ನು ಕೊನೆಯ ಸ್ವರದಿಂದ ಮೊದಲಿನದಕ್ಕೆ ಎಣಿಸಬೇಕೇ ಹೊರತು ಮೊದಲಿನದರಿಂದ ಕೊನೆಯದಕ್ಕಲ್ಲ. ಸ್ವರದ ಮೇಲೆ 'ಎ' ಎಂದು ಬರೆದರೆ ಸ್ವರದ ಹೆಸರಿನೊಂದಿಗೆ ಗೊಂದಲವಾಗುತ್ತದೆ. ನಾನು 'ಎಡ', 'ಬಲ' ಎಂದು ಪೂರ್ತಿ ಬರೆಯುತ್ತೇನೆ. ಮ್ಯೂಸ್‌ಸ್ಕೋರ್‌ನಲ್ಲಿ ಸ್ವರ ಆರಿಸಿ ಕಂಟ್ರೋಲ್ ಮತ್ತು ಟಿ ಕೀಲಿ ಒತ್ತಿದರೆ ಸಾಲಿನ ಮೇಲೆ ಇಂಥ ಪದ ಹಾಕಬಹುದು.

ಸಿ ಹಾಳೆಯಿಂದ ಬಿ ಫ್ಲ್ಯಾಟ್‌ಗೆ ಬರುವವರಿಗೆ ಇಷ್ಟು ಕಷ್ಟವಿಲ್ಲ. ಎರಡು ಶಾರ್ಪ್ ಸೇರುತ್ತವೆ, ತಳದ ಇ ಎಫ್ ಶಾರ್ಪ್ ಆಗಿ ಕೈಗೆ ಸಿಗುತ್ತದೆ. ಇ ಫ್ಲ್ಯಾಟ್ ಹಾಳೆಯದು ಬೇರೆ ಕಥೆ. ಬರ್ಲಿಯೋಜ್‌ನ 'ಸಿಂಫೊನಿ ಫಾಂತಾಸ್ಟಿಕ್' ಕೊನೆಯ ಮೂವ್‌ಮೆಂಟಿನ ಕೀರಲು ಕುಣಿತವನ್ನು 5 ಅರ್ಧಸ್ವರ ಮೇಲೆತ್ತಿ ಬಿ ಫ್ಲ್ಯಾಟ್‌ನಲ್ಲಿ ನುಡಿಸಬಹುದು, ಆದರೆ ಪುಟ್ಟ ವಾದ್ಯದ ಆ ಅಣಕದ ದನಿ ದೊಡ್ಡ ವಾದ್ಯದಿಂದ ಬರುವುದಿಲ್ಲ. ಒಂದು ಇ ಫ್ಲ್ಯಾಟ್ ಎರವಲು ಸಿಗುವುದಾದರೆ ಎರವಲು ತನ್ನಿ.

ಅಚ್ಚಿಗೆ ಕಳಿಸುವ ಮುನ್ನ

ಒಮ್ಮೆ ಆರು ಪುಟಗಳ ಪಾರ್ಟನ್ನು ಬಹಳ ಅಚ್ಚುಕಟ್ಟಾಗಿ ಮಾಡಿ, ಮುದ್ರಿಸಿ, ಅಭ್ಯಾಸದ ಸಂಜೆ ಗೆಳೆಯರ ಸ್ಟ್ಯಾಂಡಿನ ಮೇಲೆ ಹೆಮ್ಮೆಯಿಂದ ಇಟ್ಟೆ. ಮೊದಲ ಸ್ವರವೇ ಒಂದು ಪೂರ್ಣಸ್ವರ ಕೆಳಗೆ ಕೇಳಿತು. ರಾತ್ರಿ ಏನನ್ನೋ ಪರೀಕ್ಷಿಸಲು ಕಾನ್ಸರ್ಟ್ ಪಿಚ್ ಗುಂಡಿ ಒತ್ತಿದ್ದೆ, ಆರಿಸಲು ಮರೆತಿದ್ದೆ. ಆರೂ ಪುಟ ದಂಡ. ಅಂದಿನಿಂದ ಪಿಡಿಎಫ್ ಮಾಡಿದ ಮೇಲೆ ತಂತ್ರಾಂಶವನ್ನು ನಂಬದೆ, ಕಾಗದದ ಮೇಲೇ ಮೂರು ಸ್ವರಗಳನ್ನು ಲೆಕ್ಕ ಹಾಕಿ ನೋಡುತ್ತೇನೆ: ಮೊದಲ ಸ್ವರ, ಅತಿ ಕೆಳಗಿನ ಸ್ವರ, ಮತ್ತು ನಡುವೆ ಎಲ್ಲಾದರೂ ಶಾರ್ಪ್ ಅಥವಾ ಫ್ಲ್ಯಾಟ್ ಹೊತ್ತ ಒಂದು ಸ್ವರ. ಹಳೆಯ ಹಾಳೆಯಿಂದ 3 ಇಳಿಸಿ, ಹೊಸದರಿಂದ 2 ಇಳಿಸಿ. ಮೂರರಲ್ಲೂ ತಾಳೆಯಾದರೆ ಮುಂದಕ್ಕೆ.

ಮೂಲೆಯಲ್ಲಿರುವ ವಾದ್ಯದ ಹೆಸರನ್ನೂ ತಿದ್ದಿ. ಸ್ವರ ಬದಲಾಗಿ ಹೆಸರು ಹಳೆಯದೇ ಉಳಿದ ಹಾಳೆ, ಎ ಕ್ಲಾರಿನೆಟ್ ಇರುವವರ ಕೈಗೆ ಸಿಕ್ಕಿದರೆ ಇನ್ನೊಂದು ಅವಾಂತರ. ನಡುವಿನ 'ಮುತಾ ಇನ್' ಸೂಚನೆಗಳನ್ನು ಅಳಿಸಿ, ನಿಮಗೀಗ ವಾದ್ಯ ಬದಲಿಸುವ ಕೆಲಸವಿಲ್ಲ. ಪುಟ ಮಗುಚುವ ಜಾಗದಲ್ಲಿ ವಿರಾಮ ಬರುವಂತೆ ಸಾಲುಗಳನ್ನು ಒಡೆಯಿರಿ. ಶಾರ್ಪ್‌ಗಳು ಹೆಚ್ಚಿರುವ ಹಾಳೆ ಜಾಗ ಹೆಚ್ಚು ತಿನ್ನುತ್ತದೆ, ಹಳೆಯ ಮುದ್ರಣದ ಪುಟ ಹಂಚಿಕೆಯೇ ಉಳಿಯುತ್ತದೆ ಎಂದುಕೊಳ್ಳಬೇಡಿ.

ಹಳೆಯ ಎ ಹಾಳೆಯನ್ನು ಹೊಸದರ ಹಿಂದೆಯೇ ಇಟ್ಟುಕೊಂಡು ಹೋಗಿ. ನಿರ್ದೇಶಕರ ಸ್ಕೋರ್‌ನಲ್ಲಿ ಈಗಲೂ ಇರುವುದು ಎ ಕ್ಲಾರಿನೆಟ್ಟೇ. ಅವರು ಕೋಲು ತಟ್ಟಿ, 'ಕ್ಲಾರಿನೆಟ್, ಡಿ ಅಕ್ಷರದಿಂದ ನಾಲ್ಕನೇ ಬಾರ್, ನಿಮ್ಮದು ಸಿ ತಾನೆ?' ಎಂದು ಕೇಳಿದಾಗ ನಿಮ್ಮ ಹಾಳೆಯಲ್ಲಿ ಬಿ ಇರುತ್ತದೆ, ಮತ್ತು ಇಬ್ಬರೂ ಸರಿಯಾಗಿಯೇ ಇರುತ್ತೀರಿ.